ಎಡಕ ನೀಲವ್ವ, ಬಲಕ ಶಾಂತವ್ವ

ಹೋದ ವರ್ಷ ದಸರೆಗೆ ಮುಂಚೆ ಬೆಟಗೇರಿಯ ನಮ್ಮ ಮನೆಗೆ ಸುಣ್ಣ ಹೊಡೆಸುತ್ತಿದ್ದೆವು. ಗೋಡೆಯ ಮೇಲಿದ್ದ ಅಪ್ಪನ ಫೋಟೋ ಇಳಿಸುವಾಗ ನನ್ನ ಕೈಯಿಂದ ಜಾರಿ ಬಿದ್ದು ಗಾಜು ಒಡೆಯಿತು. ಚೂರು ಆರಿಸುತ್ತ ಹಿಂದಿನ ರಟ್ಟು ತೆಗೆದರೆ ಒಳಗೆ ಇನ್ನೊಂದು ಫೋಟೋ ಇತ್ತು. ನಡುವೆ ಒಂದು ಖಾಲಿ ಕುರ್ಚಿ, ಅದರ ಎರಡೂ ಪಕ್ಕ ಇಬ್ಬರು ಹರೆಯದ ಹುಡುಗಿಯರು. ಹಿಂದೆ ಪೆನ್ಸಿಲ್‌ನಲ್ಲಿ ಬರೆದಿತ್ತು: ‘ಎಡಕ ನೀಲವ್ವ, ಬಲಕ ಶಾಂತವ್ವ. ಲಕ್ಷ್ಮೇಶ್ವರ.’

ನೀಲವ್ವ ನನ್ನನ್ನು ಹೆತ್ತವಳು. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಜ್ವರ ಬಂದು ತೀರಿಕೊಂಡಳಂತೆ. ಆಮೇಲೆ ಅಪ್ಪ ಗಿರಿಜವ್ವನನ್ನು ಮದುವೆಯಾದ. ನಾನು ಅವ್ವ ಎಂದು ಕರೆಯುವುದು ಗಿರಿಜವ್ವನನ್ನೇ. ಹೆತ್ತವಳ ಫೋಟೋ ಒಂದೂ ಇಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಈಗ ನನಗೇ ಮೊಮ್ಮಗಳಿದ್ದಾಳೆ. ಈ ವಯಸ್ಸಿನಲ್ಲಿ ತಾಯಿಯ ಮುಖ ಸಿಕ್ಕಿತು, ಆದರೆ ಎರಡರಲ್ಲಿ ಯಾವುದು ಆಕೆಯದು ಎಂದು ತಿಳಿಯಲಿಲ್ಲ. ಎಡ ಎಂದರೆ ನೋಡುವವರ ಎಡವೋ, ನಿಂತವರ ಎಡವೋ? ಬರೆದದ್ದು ಅಪ್ಪನ ಅಕ್ಷರವಲ್ಲ. ಬರೆದವರನ್ನು ಕೇಳೋಣವೆಂದರೆ ಅವರು ಯಾರೆಂದೇ ಗೊತ್ತಿಲ್ಲ.

ಫೋಟೋವನ್ನು ಅವ್ವನಿಗೆ ತೋರಿಸಿದೆ. ಅವಳು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು.

“ನಾನ ಇಟ್ಟಿದ್ನಿ ಅದನ್ನ. ನಿಮ್ಮಪ್ಪ ಹೋದಾಗ ಆತನ ಟ್ರಂಕಿನ್ಯಾಗ ಸಿಕ್ತು. ಇಬ್ಬರೂ ಒಂದ ಕಡಿ ಇರಲಿ ಅಂತ ಹಿಂದ ಸೇರಿಸಿದ್ನಿ,” ಅಂದಳು.

“ಇದರಾಗ ಆಕಿ ಯಾರವಾ?”

“ನಂಗೇನ್ ಗೊತ್ತು? ಆತ ಹೇಳ್ಲಿಲ್ಲ, ನಾ ಕೇಳ್ಲಿಲ್ಲ.”

ಒಬ್ಬಳು ಎತ್ತರದವಳು. ಕುರ್ಚಿಯ ಮೇಲೆ ಕೈ ಇಟ್ಟು, ಕೈಗಡಿಯಾರ ಕಟ್ಟಿಕೊಂಡು, ಧೈರ್ಯದಿಂದ ನೇರ ನೋಡುತ್ತಿದ್ದಳು. ಇನ್ನೊಬ್ಬಳು ಗಿಡ್ಡ, ಕಣ್ಣು ಅರ್ಧ ಮುಚ್ಚಿ ಹೋಗಿದ್ದವು. ಖರೆ ಹೇಳಬೇಕೆಂದರೆ, ಎತ್ತರದವಳೇ ನನ್ನ ತಾಯಿ ಎಂದು ಮನಸ್ಸು ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟಿತ್ತು. ನನ್ನ ಮಗಳ ಹಣೆ ಅವಳ ಹಣೆಯ ಹಾಗೇ ಇದೆ ಅನ್ನಿಸುತ್ತಿತ್ತು. ಆದರೂ ಯಾರಾದರೂ ಹೌದು ಅನ್ನಬೇಕಿತ್ತು.

ಅವ್ವನನ್ನು ಬಿಟ್ಟು ಹೋಗುವುದು ಸುಲಭವಿರಲಿಲ್ಲ. ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಉಣಿಸುವುದು ಎಲ್ಲ ನನ್ನ ಮೇಲೆಯೇ. ಸಂದಿನಲ್ಲಿ ಸೀರೆಗೆ ಫಾಲ್ ಹಚ್ಚುವ ಕೆಲಸ ಬೇರೆ. ನನ್ನ ಗಂಡ ಗದಗದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರು. ಕೊನೆಗೆ ನೆರೆಮನೆಯ ಲಲಿತಕ್ಕನಿಗೆ ಅವ್ವನನ್ನು ನೋಡಿಕೊಳ್ಳಲು ಹೇಳಿ ಒಂದು ಬೆಳಗ್ಗೆ ಲಕ್ಷ್ಮೇಶ್ವರದ ಬಸ್ ಹಿಡಿದೆ. ಸೀಟು ಸಿಗಲಿಲ್ಲ, ಉದ್ದಕ್ಕೂ ನಿಂತೇ ಹೋದೆ.

ತಾಯಿಯ ತವರುಮನೆ ಎಂದೋ ಬೇರೆಯವರ ಪಾಲಾಗಿತ್ತು. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಫೋಟೋವನ್ನು ಬಿಸಿಲಿಗೆ ಹಿಡಿದು ನೋಡಿ, ಎತ್ತರದವಳ ಮೇಲೆ ಬೆರಳಿಟ್ಟ.

“ಈಕೀನ ನೀಲವ್ವ. ನಿಮ್ಮಜ್ಜನ ಮಾರೀನ ಐತಿ ನೋಡವಾ.”

ನಾನು ಅಂದುಕೊಂಡದ್ದೇ ಸರಿಯಾಯಿತು. ಅಷ್ಟರಲ್ಲಿ ಅವನ ಹೆಂಡತಿ ಚಾ ತಂದು, ಬಗ್ಗಿ ನೋಡಿದಳು.

“ಸುಮ್ನಿರ್ರಿ. ನಿಮಗ ನಿಮ್ಮ ತಂಗಿ ಗುರ್ತನ ಹತ್ತಂಗಿಲ್ಲ. ನೀಲವ್ವ ಅಂದ್ರ ಈ ಗಿಡ್ಡಾಕಿ.”

“ನೀ ಈ ಮನಿಗೆ ಬರೂದ್ರಾಗ ನೀಲವ್ವನ್ನ ಬೆಟಗೇರಿಗೆ ಕೊಟ್ಟಿದ್ರು. ನೀ ಎಲ್ಲಿ ನೋಡೀದಿ?”

“ತವರಿಗೆ ಬರ್ತಿದ್ದಿಲ್ಲೇನು?”

ಇಬ್ಬರೂ ಬಹಳ ಹೊತ್ತು ವಾದ ಮಾಡಿದರು. ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದರು: ಶಾಂತವ್ವ ಪಕ್ಕದ ಮನೆಯ ಹುಡುಗಿ, ನೀಲವ್ವನ ಗೆಳತಿ, ಅವಳನ್ನು ಶಿರಹಟ್ಟಿಗೆ ಕೊಟ್ಟಿದ್ದರು. ಮನೆತನದ ಹೆಸರನ್ನೂ ಹೇಳಿದರು.

ಅದೇ ಮಧ್ಯಾಹ್ನ ಶಿರಹಟ್ಟಿಗೆ ಹೋದೆ. ಕೇಳುತ್ತ ಕೇಳುತ್ತ ಮನೆ ಸಿಕ್ಕಿತು, ಬಾಗಿಲಿಗೆ ಬೀಗ. ಓಣಿಯ ಹೆಣ್ಣುಮಗಳೊಬ್ಬಳು, “ಶಾಂತವ್ವಾಯಿ ಮುಂಡರಗ್ಯಾಗ ಮಗಳ ಮನ್ಯಾಗ ಅದಾಳ್ರಿ,” ಎಂದು ಅಲ್ಲಿನ ಓಣಿಯ ಗುರುತು ಹೇಳಿದಳು. ಫೋನ್ ನಂಬರ್ ಆಕೆಯ ಬಳಿ ಇರಲಿಲ್ಲ. ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತಾಗ ಕಾಲು ಸಿಡಿಯುತ್ತಿದ್ದವು. ಸಾಕು ಇದು ಅನ್ನಿಸಿತು. ಎತ್ತರದವಳೇ ಎಂದುಕೊಂಡು ಕಟ್ಟು ಹಾಕಿಸಿಬಿಟ್ಟರೆ ಕೇಳುವವರಾದರೂ ಯಾರು?

ಮನೆಗೆ ಬಂದು ಹಾಗೆಯೇ ಅಂದೆ. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

“ಬ್ಯಾಡ. ಗೊತ್ತಿಲ್ಲದ ಯಾರಿಗೋ ಕೈ ಮುಗ್ಯೂದು ಛಲೋ ಅಲ್ಲ. ಇನ್ನೊಂದು ದಿನ ಹೋಗಿ ಬಾ. ನಾ ಇರ್ತೀನಿ,” ಅಂದಳು.

ಮನಸ್ಸಿಲ್ಲದ ಮನಸ್ಸಿನಿಂದಲೇ ದೀಪಾವಳಿ ಮುಗಿದ ಮೇಲೆ ಮುಂಡರಗಿಗೆ ಹೋದೆ. ಶಾಂತವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಮಗಳು ನನ್ನನ್ನು ಒಳಗೆ ಕರೆದು, “ಅವ್ವಾ, ನಿನ್ನ ಕೇಳ್ಕೊಂಡು ಬಂದಾರ,” ಅಂದಳು.

“ಯಾರವ್ವಾ?”

“ಲಕ್ಷ್ಮೇಶ್ವರದ ನೀಲವ್ವನ ಮಗಳ್ರಿ.”

ಅವಳ ಕೈ ನಿಂತಿತು. “ಆ ಕೂಸು?”

“ಹೌದ್ರಿ. ಆ ಕೂಸಿಗೆ ಈಗ ಮೊಮ್ಮಗಳು ಅದಾಳ್ರಿ.”

ಹತ್ತಿರ ಕರೆದು ನನ್ನ ತಲೆ, ಕೆನ್ನೆ, ಭುಜ ಎಲ್ಲ ಮುಟ್ಟಿ ನೋಡಿದಳು. ಆಗಲೂ ನನಗೆ ಹೊಳೆಯಲಿಲ್ಲ. ಫೋಟೋ ತೆಗೆದು ಕೈಗೆ ಕೊಟ್ಟೆ. ಅದರ ಮೇಲೆ ಹೆಬ್ಬೆರಳು ಆಡಿಸಿ, “ಏನಿದು?” ಅಂದಳು.

ಮಗಳು ಮೆಲ್ಲಗೆ ಹೇಳಿದಳು, “ಅವ್ವಗ ಕಣ್ಣು ಹೋಗಿ ಬಾಳ ದಿನ ಆತ್ರಿ. ನಂಗೂ ಗುರ್ತ ಹತ್ತವಲ್ದು. ಅವ್ವ ಇಷ್ಟು ಸಣ್ಣಾಕಿ ಇದ್ದಾಗ ನಾ ಎಲ್ಲಿ ನೋಡೇನಿ?”

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಳುವೂ ಬರಲಿಲ್ಲ. ಮೂರು ಊರು ತಿರುಗಿದ ದಣಿವೆಲ್ಲ ಒಮ್ಮೆಗೇ ಮೈಮೇಲೆ ಬಂದಂತಾಯಿತು. ನೀರು ಕುಡಿದು, ಸುಮ್ಮನೆ ಹೇಳಬೇಕಲ್ಲ ಎಂದು ಹೇಳಿದೆ: ಕುರ್ಚಿಯ ಪಕ್ಕ ಇಬ್ಬರು ನಿಂತಿದ್ದೀರಿ, ಅದರಲ್ಲಿ ನಮ್ಮ ತಾಯಿ ಯಾರು ಎಂದು ಕೇಳಲು ಬಂದಿದ್ದೆ.

“ಕುರ್ಚಿ ಫೋಟೋ ಏನು?” ಶಾಂತವ್ವನ ಮುಖ ಅರಳಿತು. “ಹಂಗಾರ ಕೈ ನೋಡು ತಂಗಿ. ಯಾರ ಕೈ ಕಾಣಂಗಿಲ್ಲ?”

ನೋಡಿದೆ. ಕಣ್ಣು ಅರ್ಧ ಮುಚ್ಚಿದ್ದ ಗಿಡ್ಡವಳ ಎರಡೂ ಕೈ ಸೆರಗಿನ ಒಳಗಿದ್ದವು.

“ಆಕೀನ ನಿಮ್ಮವ್ವ. ನಿಮ್ಮಜ್ಜನ ಮನ್ಯಾಗ ನೂಲಿಗೆ ಬಣ್ಣ ಹಾಕ್ತಿದ್ರು. ನೀಲವ್ವನ ಕೈ ಮಣಿಕಟ್ಟಿನ ತನಕ ಕರ್ರಗ ಇರ್ತಿದ್ವು, ಎಷ್ಟು ತಿಕ್ಕಿದ್ರೂ ಹೋಗ್ತಿದ್ದಿಲ್ಲ. ಫೋಟೋದಾಗ ಕಾಣ್ತಾವು ಅಂತ ನಾಚಿ ಸೆರಗಿನ್ಯಾಗ ಮುಚ್ಕೊಂಡ್ಲು. ನಾ ನೋಡು, ಫೋಟೋದಾವನ ವಾಚ್ ಇಸ್ಕೊಂಡು ಕಟ್ಟಿ ಸಾವಕಾರತಿ ಗತೆ ನಿಂತಿದ್ನಿ.”

ತನ್ನ ಮದುವೆ ಗೊತ್ತಾದಾಗ ನೆನಪಿಗೆಂದು ತೆಗೆಸಿದ್ದು, ಅಂದಳು ಶಾಂತವ್ವ. ಫೋಟೋದವನ ದೀಪ ಮಿಂಚಿದ ಕೂಡಲೇ ನೀಲವ್ವ ಕಣ್ಣು ಮುಚ್ಚಿದ್ದಳಂತೆ. ಫೋಟೋ ಕೈಗೆ ಬಂದಾಗ ಇಬ್ಬರೂ ಓಣಿಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

“‘ಇದನ್ನ ಯಾರಿಗೂ ತೋರಸಬ್ಯಾಡ, ಮುಂದ ಛಲೋದೊಂದು ತಗಸೋಣು’ ಅಂದ್ಲು. ಮುಂದ ಎಲ್ಲಿ ತಗಸೂದು? ನಾ ಶಿರಹಟ್ಟಿಗೆ ಬಂದ್ನಿ, ಆಕಿ ಬೆಟಗೇರಿಗೆ ಹೋದ್ಲು. ಆಮ್ಯಾಲೆ ಖಬರ ಬಂತು, ಅಷ್ಟ.”

ಊಟ ಮಾಡಿಸದೆ ಅವರು ಕಳಿಸಲಿಲ್ಲ. ಗದಗದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಫೋಟೋ ತೆಗೆದು ನೋಡುತ್ತ ಕೂತೆ. ಇಷ್ಟು ದಿನ ನಾನು ಸರಿಯಾಗಿ ನೋಡಿಯೇ ಇರದ ಮುಖ ಅದು. ತಾಯಿ ಸಿಕ್ಕರೆ ಎದೆಯಲ್ಲಿ ಏನೋ ಆಗುತ್ತದೆ ಎಂದುಕೊಂಡಿದ್ದೆ. ಮೊದಲು ಆದದ್ದು ನಿರಾಸೆ. ಇರುವುದೊಂದೇ ಫೋಟೋ, ಅದರಲ್ಲೂ ಅವಳು ನನ್ನ ಕಡೆ ನೋಡುತ್ತಿಲ್ಲ. ನೋಡುತ್ತ ಹೋದಂತೆ ಇನ್ನೊಂದು ಹೊಳೆಯಿತು. ಅವಳು ನನ್ನ ಮಗಳಿಗಿಂತಲೂ ಬಹಳ ಸಣ್ಣವಳು. ಕೈ ಕರ್ರಗಿದ್ದಾವೆ ಎಂದು ನಾಚಿಕೊಳ್ಳುವ ಒಂದು ಹುಡುಗಿ. ಅವಳ ತಲೆ ಸವರಬೇಕು ಅನ್ನಿಸಿತು. ಹಾಗೆಯೇ ನಿದ್ದೆ ಹತ್ತಿತು. ಕಂಡಕ್ಟರ್ ಎಬ್ಬಿಸಿದಾಗ ಗದಗ ಬಂದಿತ್ತು.

ಮನೆಗೆ ಬಂದಾಗ ಅವ್ವ ಎಚ್ಚರವಿದ್ದಳು. ಎಲ್ಲ ಹೇಳಿದೆ. ಕನ್ನಡಕ ಹಾಕಿಸಿಕೊಂಡು ಫೋಟೋವನ್ನು ಬಹಳ ಹೊತ್ತು ನೋಡಿದಳು.

“ಪಾಪ, ಸಣ್ಣ ಹುಡುಗಿ,” ಅಂದಳು. ಫೋಟೋವನ್ನು ಹಾಸಿಗೆಯ ಮೇಲಿಟ್ಟು, “ಶಾಂತವ್ವ ನನ್ನ ಬಗ್ಗೆ ಏನರ ಕೇಳಿದ್ಲೇನು?”

“‘ನಿನ್ನ ಯಾರು ಸಾಕಿದ್ರು’ ಅಂತ ನನ್ನ ಕೇಳಿದ್ಲು.”

“ನೀ ಏನಂದಿ?”

“ನಮ್ಮವ್ವ ಸಾಕಿದ್ಲು ಅಂದ್ನಿ. ‘ಆಕಿ ಸತ್ತು ಹೋಗಿದ್ಲಲ್ಲ, ಯಾವ ಅವ್ವ?’ ಅಂದ್ಲು. ಮತ್ತ ತಿಳಿಸಿ ಹೇಳಬೇಕಾತು.”

ಅವ್ವ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ನನ್ನ ಮುಖ ನೋಡಲಿಲ್ಲ.

“ಹೋಗು, ಕೈಕಾಲು ತೊಳ್ಕೊಂಡು ರೊಟ್ಟಿ ಉಣ್ಣು. ತಿರುಗಿ ತಿರುಗಿ ಮಾರಿ ಸಣ್ಣದಾಗೇತಿ,” ಅಂದಳು.

ಬೆನ್ನು ನೋಯುತ್ತಿತ್ತು, ಊಟ ಬೇಡವಾಗಿತ್ತು. ಆದರೂ ಅವಳ ಮಂಚದ ಪಕ್ಕದಲ್ಲೇ ಕೂತು ಉಂಡೆ. ಮುಗಿಯುವ ತನಕ ಅವಳು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ಆ ವಾರಗಳ ತಿರುಗಾಟ ನೆನೆಸಿಕೊಂಡರೆ ಇವತ್ತಿಗೂ ಸುಸ್ತಾಗುತ್ತದೆ. ಹೆತ್ತವಳು ಯಾರೆಂದು ಹುಡುಕಲು ಮೂರು ಊರು ಅಲೆದೆ; ಸಾಕಿದವಳು ಯಾರೆಂದು ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದಾಗ ಬಾಯಿಗೆ ತಾನಾಗಿಯೇ ಬಂದ ಆ ಉತ್ತರವನ್ನು ಅವ್ವನ ಕಿವಿಗೆ ಮುಟ್ಟಿಸಲು ಆಯಿತಲ್ಲ, ಅದೊಂದು ಸಮಾಧಾನ ನನಗಿದೆ.