ಷಡ್ಡಕನ ಹಾಯಿದೋಣಿ, ನನ್ನ ಹೆಸರಿನ ಡಬ್ಬಿ

ನಿಮ್ಮ ಷಡ್ಡಕ ಹೊಸ ಕಾರು ಕೊಂಡರೆ ನೀವೇನು ಮಾಡುತ್ತೀರಿ? ಒಂದು ಸುತ್ತು ಕೂತು ಬರುತ್ತೀರಿ. ಮೈಲೇಜ್ ಎಷ್ಟು ಎಂದು ಕೇಳುತ್ತೀರಿ. ಮನೆಗೆ ಬಂದ ಮೇಲೆ ಹೆಂಡತಿಯ ಎದುರು 'ಕಲರ್ ಅಷ್ಟಕ್ಕಷ್ಟೇ' ಎನ್ನುತ್ತೀರಿ. ಅಲ್ಲಿಗೆ ಹೊಟ್ಟೆ ತಣ್ಣಗಾಗುತ್ತದೆ.

ನನ್ನ ಷಡ್ಡಕ ಹಾಯಿದೋಣಿ ಕೊಂಡಿದ್ದಾರೆ. ಅದಕ್ಕೆ ಮೈಲೇಜ್ ಕೇಳುವುದು ಹೇಗೆ? (ಗಾಳಿಗೆ ಓಡುತ್ತದೆ. ಅದೂ ಪುಕ್ಕಟೆ.)

ವಿರುಪಣ್ಣ ನನ್ನ ಹೆಂಡತಿ ಸುಜಾತಾಳ ಅಕ್ಕನ ಗಂಡ. ಲಿಂಗಸುಗೂರಿನಲ್ಲಿ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಗೋವಾದಲ್ಲಿ ಯಾರೋ ಮೂಲೆಗೆ ತಳ್ಳಿದ್ದ, ನನಗಿಂತ ವಯಸ್ಸಾದ ದೋಣಿಯೊಂದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ದಾರಿಯಲ್ಲಿ ಮುದಗಲ್‌ನಲ್ಲಿ ಚಹಾಕ್ಕೆ ನಿಂತಾಗ ಜನ ಮುತ್ತಿಕೊಂಡು ಸೆಲ್ಫಿ ತೆಗೆದರಂತೆ. ನಾನು ಮಸ್ಕಿಯಲ್ಲಿ ಕಾಲೇಜು ಮಾಸ್ತರ. ನನ್ನ ಜೊತೆ ಇದುವರೆಗೆ ಸೆಲ್ಫಿ ಕೇಳಿದವನು ಒಬ್ಬ ಇನ್ಶೂರೆನ್ಸ್ ಏಜೆಂಟ್.

ಬೇಸಿಗೆಯಿಡೀ ಅದರ ರಿಪೇರಿ ನಡೆಯಿತು. ಹಳೆ ವೈರು ಕಿತ್ತು ಹೊಸ ವೈರಿಂಗ್. ಸೋಲಾರ್ ಪ್ಯಾನೆಲ್, ಟ್ರ್ಯಾಕ್ಟರ್ ಬ್ಯಾಟರಿ, ಎಲ್‌ಇಡಿ ದೀಪ, ಜಿಪಿಎಸ್. ದೋಣಿಯ ತಳದಲ್ಲಿ ನಿಲ್ಲುವ ನೀರನ್ನು ಹೊರಹಾಕಲು ಒಂದು ಪುಟ್ಟ ಪಂಪು. ಪ್ರತಿಯೊಂದರ ವಿಡಿಯೊ ಫ್ಯಾಮಿಲಿ ಗ್ರೂಪಿಗೆ. ಪ್ರತಿ ವಿಡಿಯೊಕ್ಕೂ ನಮ್ಮ ಮನೆಯಿಂದ ಮೊದಲ ಹಾರ್ಟು. (ಕಳಿಸಿದ್ದು ನಾನಲ್ಲ.)

"ಭಾವಾರು ಗೋವಾದ ದೋಣಿ ರಿಪೇರಿ ಮಾಡಿ ಮುಗಿಸ್ಯಾರ. ನಮ್ಮ ಬಚ್ಚಲದ ನಳ ಇನ್ನಾ ಸೋರಾಕತ್ತೈತಿ," ಎಂದಳು ಸುಜಾತಾ.

ಕಳೆದ ಭಾನುವಾರ ಕೃಷ್ಣೆಯ ಹಿನ್ನೀರಿಗೆ ನಮ್ಮ ಸವಾರಿ. ಅವಳ ಅಕ್ಕ ದಂಡೆಯಲ್ಲೇ ಕೂತರು. ಅವರಿಗೆ ನೀರೆಂದರೆ ಹೆದರಿಕೆ. ನನಗೂ ಹೆದರಿಕೆ, ಈಜು ಬಾರದು. ಆದರೆ ಷಡ್ಡಕನ ಎದುರು ಹಾಗೆಂದು ಹೇಳಲಾದೀತೆ?

"ಬರ್ರಿ ಮಾಸ್ತರ. ಚಪ್ಪಲ್ ಬಿಟ್ಟು ಹತ್ರಿ, ಹೊಸಾ ಪೇಂಟ್ ಐತಿ."

"ಲೈಫ್ ಜಾಕೆಟ್?"

"ಆರ್ಡರ್ ಮಾಡೀನಿ, ಬರಾಕತ್ತಾವು. ಯಾಕ್ರಿ, ನನ್ನ ಮ್ಯಾಲ ಭರೋಸಾ ಇಲ್ಲೇನು?"

ಮೂವರೂ ಹತ್ತಿದೆವು. ಹಾಯಿ ಗಾಳಿ ತುಂಬಿಕೊಂಡಿತು. ಸುಜಾತಾ ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ನನ್ನ ಸ್ಕೂಟರ್ ಮೇಲೆ ಕೂತಾಗ ಒಮ್ಮೆಯೂ ಹೀಗೆ ತಟ್ಟಿದ್ದಿಲ್ಲ. ನೀರಿನ ನಡುವೆ ಬಂದ ಮೇಲೆ ವಿರುಪಣ್ಣ ಪಂಪಿನ ಸ್ವಿಚ್ ಒತ್ತಿ ತೋರಿಸಿದರು. ತಳದಲ್ಲಿದ್ದ ಚೂರುಪಾರು ನೀರು ದೋಣಿಯ ಅಂಚು ದಾಟಿದ್ದ ಪೈಪಿನಿಂದ ಹೊರಗೆ ಹೋಯಿತು. ಹೊಸ ಪೇಂಟಿನ ಮೇಲೆ ಕೊಳಕು ನೀರು ಬೀಳಬಾರದೆಂದು ಆ ಪೈಪನ್ನು ಉದ್ದ ಮಾಡಿ, ತುದಿಯನ್ನು ಹೊಳೆಯೊಳಗೇ ಇಳಿಬಿಟ್ಟಿದ್ದರು. ಸ್ವಿಚ್ ಆಫ್ ಮಾಡಿ, "ಹೆಂಗ?" ಎಂದು ಹುಬ್ಬು ಹಾರಿಸಿದರು.

ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ನನ್ನ ಪಾದ ಒದ್ದೆ.

ಮೊದಲು ಕುಡಿಯುವ ನೀರು ಚೆಲ್ಲಿತೆಂದುಕೊಂಡೆ. ಹಲಗೆ ಎತ್ತಿ ನೋಡಿದರೆ ಕೆಳಗೆಲ್ಲ ನೀರು. ವಿರುಪಣ್ಣ ಸ್ವಿಚ್ ಒತ್ತಿದರು. ಪಂಪು ಒಮ್ಮೆ ಗುರ್ ಎಂದು ಸತ್ತಿತು. ತಳದಲ್ಲಿದ್ದ ವೈರಿನ ಜಾಯಿಂಟು ನೀರಲ್ಲಿ ನೆನೆದಿತ್ತು.

"ತಳ ಸೀಳೈತೇನೋ! ಮಾಸ್ತರ, ನೀರು ಚೆಲ್ರಿ!"

ರೊಟ್ಟಿ ಬುತ್ತಿಯನ್ನು ಹೊಳೆಗೆ ಸುರಿದು, ಅದೇ ಸ್ಟೀಲ್ ಡಬ್ಬಿಯಿಂದ ನೀರು ಮೊಗೆಯತೊಡಗಿದೆ. ಮೊಗೆದಷ್ಟೂ ಏರುತ್ತಿತ್ತು. ದೋಣಿ ಭಾರವಾಗಿ ತೆವಳತೊಡಗಿತು. ದಂಡೆಯ ಮೇಲಿದ್ದ ಅಕ್ಕ ಬೆರಳಿನಷ್ಟು ಕಾಣುತ್ತಿದ್ದರು. ಒದ್ದೆ ಕೈಯಿಂದ ಡಬ್ಬಿ ಜಾರಿತು. ಬಿಸಿಲಿಗೆ ಒಮ್ಮೆ ಮಿಂಚಿ, ಒಳಗೆ ಹೋಯಿತು. ಅದು ಇಳಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಸುಜಾತಾಳೂ ಹಾಗೇ ಇಳಿದುಹೋಗುವಂತೆ ಆ ಕ್ಷಣ ಕಂಡಿತ್ತು.

ಅವಳೋ, ಪೈಪನ್ನೇ ನೋಡುತ್ತಿದ್ದಳು.

"ಭಾವಾರ, ಪೈಪಿನ ತುದಿ ಹೊಳ್ಯಾಗ ಯಾಕ ಬಿಟ್ಟೀರಿ? ನಮ್ಮಪ್ಪ ಕಾಲುವಿ ನೀರು ಹೊಲಕ್ಕ ಹೆಂಗ ತರತಿದ್ದ?"

ಅಂದವಳೇ ಬಗ್ಗಿ ಪೈಪನ್ನು ಹೊಳೆಯಿಂದ ಮೇಲಕ್ಕೆಳೆದಳು. ಗೊಟಕ್ ಎಂದು ಒಂದು ಸದ್ದು. ನೀರು ಏರುವುದು ನಿಂತಿತು.

ಸುಜಾತಾಳ ತವರಾದ ಸಿಂಧನೂರು ಕಡೆಯ ಕಾಲುವೆ ಊರುಗಳಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಪೈಪಿನ ಒಂದು ತುದಿ ಕಾಲುವೆಯಲ್ಲಿ, ಇನ್ನೊಂದು ಏರಿ ದಾಟಿ ತಗ್ಗಿನ ಹೊಲದಲ್ಲಿ. ಒಮ್ಮೆ ಬಾಯಿಂದ ಎಳೆದು ಬಿಟ್ಟರೆ ಮೋಟಾರಿಲ್ಲದೆ ನೀರು ತಾನೇ ಹರಿಯುತ್ತದೆ. ಹೊಳೆಯ ನೀರಿನ ಮಟ್ಟಕ್ಕಿಂತ ದೋಣಿಯ ತಳ ತಗ್ಗು. ಪಂಪು ಪೈಪನ್ನು ತುಂಬಿಸಿ ನಿಂತಿತ್ತು. ಆಮೇಲೆ ಹೊಳೆ ಅದೇ ಪೈಪಿನಲ್ಲಿ ಒಳಗೆ ಹರಿಯದೆ ಸುಮ್ಮನಿರುತ್ತದೆಯೇ? ಮಾವನ ಹೊಲದಲ್ಲಿ ಆ ಪೈಪು ಎಳೆದು ಕೆಸರು ನೀರು ಕುಡಿಯದ ಅಳಿಯನಿಲ್ಲ. ನಾನೂ ಕುಡಿದಿದ್ದೇನೆ, ವಿರುಪಣ್ಣನೂ ಕುಡಿದಿದ್ದಾರೆ. ಇಬ್ಬರಿಗೂ ಹೊಳೆಯಲಿಲ್ಲ.

ತೆವಳುತ್ತ ದಂಡೆ ಮುಟ್ಟಿದ ಮೇಲೆ ನಾನು ಎರಡೂ ಕೈಯಲ್ಲಿ ಮರಳು ಹಿಡಿದು ಅಲ್ಲೇ ಕೂತುಬಿಟ್ಟೆ. ವಿರುಪಣ್ಣ ನಗುತ್ತಿದ್ದರು. ಆ ನಗು ಕಂಡು ಮತ್ತೆ ಹೊಟ್ಟೆ ಉರಿಯಿತು. ಮುಳುಗಬೇಕಿದ್ದವರು ನಾವೂ ಹೌದು, ಅವರೂ ಹೌದು. ಒಬ್ಬರಿಗೆ ನಗು, ಇನ್ನೊಬ್ಬರಿಗೆ ನಡುಕ. ಇದನ್ನು ಹಂಚುವವರು ಯಾರು?

ಅಂದಿನಿಂದ ಬಚ್ಚಲಿನ ನಳ ಗೊಟಕ್ ಎಂದರೂ ಎದೆ ಝಲ್ ಎನ್ನುತ್ತಿತ್ತು. ಕೊನೆಗೂ ಪ್ಲಂಬರ್‌ನನ್ನು ಕರೆಸಿದೆ. ಯಾರೂ ಹಾರ್ಟು ಕಳಿಸಲಿಲ್ಲ.

ಅತ್ತ ಲಿಂಗಸುಗೂರಿನಲ್ಲಿ ಮತ್ತೆ ರಿಪೇರಿ ಶುರು. ಬ್ಯಾಟರಿ, ವೈರು ಎಲ್ಲ ಮೇಲಕ್ಕೆ. ಲೈಫ್ ಜಾಕೆಟ್ ಬಂದಿವೆ. ಪ್ರತಿದಿನ ಫೋನು, ನನಗಲ್ಲ. "ಸುಜಾತಾ, ಪೈಪಿನ ಬಾಯಿ ಎಷ್ಟು ಎತ್ತರ ಇಡಬೇಕವ್ವಾ?" ಇವಳು ಒಲೆಯ ಮುಂದೆ ನಿಂತು ಗಂಭೀರವಾಗಿ ಸಲಹೆ ಕೊಡುತ್ತಾಳೆ. ಭಾನುವಾರ ಮತ್ತೆ ಹೋಗುವವಳಂತೆ.

"ನೀವು ದೋಣಿ ಹತ್ತಬ್ಯಾಡ್ರಿ, ದಂಡಿ ಮ್ಯಾಲ ಅಕ್ಕನ ಜೋಡಿ ಕುಂದರ್ರಿ," ಎಂದಳು. ಪ್ರೀತಿಯಿಂದಲೇ.

ನಿನ್ನೆ ಗ್ರೂಪಿಗೆ ಹೊಸ ಫೋಟೊ ಬಂದಿದೆ. ದೋಣಿಯ ಮೂತಿಯ ಮೇಲೆ ದಪ್ಪ ಕೆಂಪಕ್ಷರದಲ್ಲಿ 'ಸುಜಾತಾ'. ಅವಳು ಅದನ್ನು ನೋಡಿದ್ದೇ ನೋಡಿದ್ದು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವಳ ಹೆಸರನ್ನು ಎಲ್ಲಿ ಬರೆಸಿದ್ದೇನೆಂದು ಯೋಚಿಸಿದೆ. ಮನೆಯ ಪಾತ್ರೆಗಳ ಮೇಲೂ ಕೆತ್ತಿಸಿರುವುದು ನನ್ನ ಹೆಸರೇ. ಆ ಡಬ್ಬಿಯ ಮೇಲೂ.

ಕೃಷ್ಣೆಯ ತಳದಲ್ಲಿ ನನ್ನ ಹೆಸರಿನ ಡಬ್ಬಿ, ಮೇಲೆ ಅವಳ ಹೆಸರಿನ ದೋಣಿ. ಈಗ ನೀವೇ ಹೇಳಿ, ಅಂದು ಮುಳುಗಿದ್ದು ಯಾರು?