ಗಂಗವ್ವನ ಹಾಜರಿ

ಗೆಳೆಯರೇ, ವಿಜಾಪುರದ ಒಂದು ಹತ್ತಿ ಗಿರಣಿಯಲ್ಲಿ ಯಾರೂ ಕಾಯಿಲೆ ಬೀಳುವುದಿಲ್ಲವೆಂದು ಇವತ್ತು ಬರೆದುಕೊಟ್ಟು ಬಂದೆ. ದಿಲ್ಲಿ ಸರ್ಕಾರ ಕೆಲಸಗಾರರಿಗೆ ಕಾಯಿಲೆಯ ವಿಮೆ ತರುತ್ತದಂತೆ. ಅದು ಬಂದರೆ ನಮ್ಮ ಮುಂಬಯಿ ಪ್ರಾಂತದಲ್ಲಿ ಎಷ್ಟು ಜನ ಅದರೊಳಗೆ ಬರುತ್ತಾರೆ, ಖರ್ಚೆಷ್ಟು ಎಂದು ಅಂದಾಜು ಮಾಡಲು ಸಾಹೇಬರು ಬಂದಿದ್ದರು. ನಾನು ಅವರ ಗುಮಾಸ್ತ.

ಹಾಜರಿ ಪುಸ್ತಕದಲ್ಲಿ ವರ್ಷವಿಡೀ ಒಬ್ಬರೂ ಒಂದು ದಿನ ತಪ್ಪಿಸಿರಲಿಲ್ಲ. ಸಾಹೇಬರು ಖುಷಿಯಾದರು.

"ಇಲ್ಲಿ ಖರ್ಚ ಬರೂದಿಲ್ಲ. ತಿಕೋಟಾ, ಬಬಲೇಶ್ವರದ ಗಿರಣಿಗೂ ಇದ ಅಂದಾಜ ಹಿಡೀರಿ," ಎಂದು ಚಹಾಕ್ಕೆ ಹೋದರು.

ನನಗೆ ನಂಬಿಕೆಯಾಗಲಿಲ್ಲ. ಹತ್ತಿ ಹಸನು ಮಾಡುವ ಹೆಂಗಸರ ಬಳಿ ಹೋಗಿ, ಪುಸ್ತಕದ ಮೊದಲ ಹೆಸರು ಕೂಗಿದೆ. "ಗಂಗವ್ವ ಯಾರವಾ?"

ಒಬ್ಬಳು ಎದ್ದಳು. ಪುಸ್ತಕದಲ್ಲಿ ಗಂಗವ್ವನಿಗೆ ಐವತ್ತು ವರ್ಷ. ಇವಳಿಗೆ ಮೂವತ್ತೂ ಇರಲಿಲ್ಲ.

"ನಾ ಆಕಿ ಸೊಸಿರಿ. ಅತ್ತಿ ಜಡ್ಡ ಬಿದ್ದಾಗ ಆಕಿ ಹೆಸರಿನ್ಯಾಗ ನಾ ಬಂದು ಕುಂಡ್ರತಿದ್ದೆ. ಜಾಗಾ ಖಾಲಿ ಬಿಟ್ರ ಮರುದಿನ ಬ್ಯಾರೆದವರು ಕುಂತಿರ್ತಾರ್ರಿ. ಇಲ್ಲಿ ಎಲ್ಲಾರೂ ಹಿಂಗ ಮಾಡ್ತೀವ್ರಿ."

"ಈಗ ಅತ್ತಿ ಹ್ಯಾಂಗದಾಳ?"

ಸೆರಗಿಗೆ ಹತ್ತಿದ ಅರಳೆಯನ್ನು ಬಿಡಿಸುತ್ತ ನಿಂತಳು.

"ಹೋಳಿ ಹುಣ್ಣಿಮಿ ಮರುದಿನ ತೀರಕೊಂಡಾಳ್ರಿ. ಯಪ್ಪಾ, ಸಾಹೇಬರಿಗೆ ಹೇಳಬ್ಯಾಡ್ರಿ. ಪುಸ್ತಕದಾಗ ಆಕಿ ಹೆಸರು ಹೊಡದ ಹಾಕಿದ್ರ ನನ್ನ ಜಾಗಾನೂ ಹೋಗತೈತಿ."

ಹೇಳಿದರೆ ಇವಳ ಕೆಲಸ ಹೋಗುತ್ತದೆ. ಹೇಳದಿದ್ದರೆ ಈ ಸಾಲಿನಲ್ಲಿ ಕೆಮ್ಮುತ್ತ ಕುಳಿತವರೆಲ್ಲ ಸರ್ಕಾರದ ಪಾಲಿಗೆ ಗಟ್ಟಿಮುಟ್ಟು. ನಾನು ಹೇಳಲಿಲ್ಲ. ಕಾಯಿಲೆಯ ದಿನಗಳು ಎಂಬಲ್ಲಿ ಸೊನ್ನೆ ಬರೆದೆ, ಸಾಹೇಬರು ರುಜು ಹಾಕಿದರು.

ಪೂರ್ತಿ ಸುಳ್ಳನ್ನೇನೂ ಬರೆದಿಲ್ಲ. ಗಂಗವ್ವ ಇನ್ನು ಕಾಯಿಲೆ ಬೀಳುವುದಿಲ್ಲ.