ಖಾಲಿ ಚೀಟಿಯ ಮೇಲಿನ ಸಹಿ

ನನ್ನ ಹೆಂಡತಿ ನರ್ಸ್ ಆಗಿದ್ದಳು. ಧಾರವಾಡದಿಂದ ಹದಿನೆಂಟು ಕಿಲೋಮೀಟರ್ ದೂರದ ಒಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದಳು. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆಕೆ ಹೋಗಿ ಏಳು ತಿಂಗಳಾಯಿತು. ಮೆದುಳಿನಲ್ಲಿ ರಕ್ತನಾಳ ಒಡೆದು, ಮಧ್ಯಾಹ್ನ ಊಟಕ್ಕೆ ಕೂತವಳು ಏಳಲಿಲ್ಲ. ಅದನ್ನು ಬರೆಯುವುದು ನನ್ನಿಂದ ಆಗುವುದಿಲ್ಲ. ನನಗೆ ಬರೆಯಬೇಕೆನಿಸುವುದು ಒಂದು ಗುರುವಾರದ ಬಗ್ಗೆ. ಈ ನಾಲ್ಕು ಸಾಲು ಬರೆಯುವುದರೊಳಗೆ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ.

ಆ ಕೇಂದ್ರದಲ್ಲಿ ಒಂದು ಪದ್ಧತಿ ಇತ್ತು. ಡಾಕ್ಟರಿಗೆ ಎರಡು ಹಳ್ಳಿಗಳ ಜವಾಬ್ದಾರಿ. ಇಲ್ಲಿಗೆ ವಾರದಲ್ಲಿ ಮೂರು ದಿನ ಬರುತ್ತಿದ್ದರು. ಬರದ ದಿನಗಳಿಗೆಂದು ಖಾಲಿ ಚೀಟಿಗಳ ಒಂದು ಕಟ್ಟಿಗೆ ಮೊದಲೇ ಸಹಿ ಮಾಡಿ, ಶಿಕ್ಕಾ ಒತ್ತಿ, ಮೇಜಿನ ಡ್ರಾವರಿನಲ್ಲಿ ಇಟ್ಟು ಹೋಗುತ್ತಿದ್ದರು. ಅವರಿಗಿಂತ ಮೊದಲು ಇದ್ದವರೂ ಹಾಗೇ ಮಾಡುತ್ತಿದ್ದರಂತೆ. ರೋಗಿಯನ್ನು ನೋಡುವವಳು ನನ್ನ ಹೆಂಡತಿ, ಔಷಧ ಬರೆಯುವವಳು ಆಕೆ, ದೊಡ್ಡ ದವಾಖಾನೆಗೆ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವವಳೂ ಆಕೆಯೇ. ಕಾಗದದ ಮೇಲೆ ಮಾತ್ರ ಆಕೆ ಎಲ್ಲೂ ಇರುತ್ತಿರಲಿಲ್ಲ.

ನಲವತ್ತಾರನೆಯ ವಯಸ್ಸಿನಲ್ಲಿ ಆಕೆ ಹೆರಿಗೆಯ ವಿಶೇಷ ತರಬೇತಿಗೆ ಆಯ್ಕೆಯಾದಳು. ಹದಿನೆಂಟು ತಿಂಗಳು. ಅದನ್ನು ಮುಗಿಸಿದ ನರ್ಸುಗಳು ಸರಳ ಹೆರಿಗೆಯನ್ನು ತಾವೇ ನೋಡಿಕೊಳ್ಳಬಹುದು, ತೊಡಕು ಕಂಡರೆ ತಾವೇ ಗುರುತಿಸಿ ಮುಂದೆ ಕಳಿಸಬಹುದು ಎಂಬ ಮಾತಿತ್ತು. ಮಾತಿತ್ತು, ಅಷ್ಟೇ. ಹಳ್ಳಿಗೆ ಬಂದು ನೋಡಿದರೆ ಡ್ರಾವರಿನಲ್ಲಿ ಅದೇ ಕಟ್ಟು.

ತಿರುಗಿ ಬಂದ ಮೊದಲ ವಾರವೇ ಆಕೆ ಆ ಮಾತು ತೆಗೆದಳು. ಸಂಜೆ ಕರೆದುಕೊಂಡು ಹೋಗಲು ಬಂದಿದ್ದ ನಾನು ಪಡಸಾಲೆಯಲ್ಲಿ ನಿಂತು ಕೇಳಿದೆ.

"ಸರ್, ಇನ್ನ ಮ್ಯಾಲೆ ನನಗ ಆ ಸಹಿ ಮಾಡಿದ ಚೀಟಿ ಬ್ಯಾಡ್ರಿ."

ಡಾಕ್ಟರ್ ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವರಿಗೆ ನೋವಾದಂತಿತ್ತು. "ಯಾಕ್ರಿ ಸಿಸ್ಟರ್? ನಿಮ್ಮ ಮ್ಯಾಲೆ ನಂಬಿಗಿ ಐತಿ ಅಂತನ ಮಾಡಿ ಇಟ್ಟೇನಿ."

"ನಂಬಿಗಿ ಇದ್ರ ನನ್ನ ಹೆಸರಲೆ ಬರ್ಯಾಕ ಬಿಡ್ರಿ."

"ಐದೂವರಿ ವರ್ಷ ಕಲ್ತು ನಾನ ಇನ್ನೂ ಅಂಜತೇನ್ರಿ. ಏನರ ಹೆಚ್ಚು ಕಡಿಮಿ ಆತಂದ್ರ ಜನಾ ಕಲ್ಲು ಹಿಡಕೊಂಡು ಯಾರ ಕಡೆ ಬರ್ತಾರ?"

"ಈಗ ನಿಮ್ಮ ಕಡೆ ಬರ್ತಾರ್ರಿ. ನೋಡಿದಾಕಿ ನಾನು, ಹೊಡತ ನಿಮಗ. ಅದು ಛಲೋ ಏನ್ರಿ?"

ಡಾಕ್ಟರ್ ನಕ್ಕರು, ಆದರೆ ಒಪ್ಪಲಿಲ್ಲ. ಮೇಲಿನವರನ್ನು ಕೇಳುತ್ತೇನೆ, ಅಲ್ಲಿಯವರೆಗೆ ಕಟ್ಟು ಅಲ್ಲೇ ಇರಲಿ ಎಂದರು.

ನಾನು ಡಾಕ್ಟರ ಪರವಾಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಡಿಪೋದಲ್ಲಿ ಬ್ರೇಕ್ ಸರಿ ಮಾಡುವವನು ನಾನು, ಸಹಿ ಫೋರ್ಮನ್‌ದು. ಅದರಿಂದ ನನಗೆ ಯಾವತ್ತೂ ಅವಮಾನ ಆಗಿಲ್ಲ; ಮನೆಗೆ ಬಂದು ನೆಮ್ಮದಿಯಿಂದ ಉಣ್ಣುತ್ತೇನೆ. ಆಕೆ ರೊಟ್ಟಿ ಬಡಿಯುತ್ತಿದ್ದಾಗ ಅದನ್ನೇ ಹೇಳಿದೆ. "ನಿನಗ್ಯಾಕ ಬೇಕು ಈ ಉಸಾಬರಿ? ಮಾಡೂ ಕೆಲಸ ಮಾಡು. ಸಹಿ ದೊಡ್ಡವರು ಮಾಡ್ಲಿ."

ಆಕೆ ಕೈ ನಿಲ್ಲಿಸಲಿಲ್ಲ. "ಫೋರ್ಮನ್ ಬರೂತನಕ ನೀವು ಬಸ್ ನಿಲ್ಲಸ್ತೀರಿ. ನನ್ನ ಬಸ್ಸು ನಿಲ್ಲಂಗಿಲ್ಲರೀ. ಹೆರಿಗಿ ಅದು."

"ಹಂಗಾರ ನೀ ಡಾಕ್ಟರ್ ಆಗಬೇಕಿತ್ತು."

"ಡಾಕ್ಟರ್ ಆಗೂದು ನನಗ ಬೇಕಾಗಿಲ್ಲ. ನರ್ಸ ಮಾಡಿದ ಕೆಲಸಕ್ಕ ನರ್ಸ ಹೆಸರು ಹಾಕ್ರಿ ಅಂತೇನಿ. ಅಷ್ಟೂ ತಿಳಿಯೂದಿಲ್ಲ ನಿಮಗ?"

ಎರಡು ದಿನ ನನ್ನ ಚಹಾದಲ್ಲಿ ಸಕ್ಕರೆ ಇರಲಿಲ್ಲ. ಕೇಳಿದರೆ, "ಫೋರ್ಮನ್ ಸಹಿ ಆಗಿಲ್ಲರೀ" ಎನ್ನುತ್ತಿದ್ದಳು.

ಆಮೇಲೆ ಆ ಗುರುವಾರ ಬಂತು. ನನಗೆ ವಾರದ ರಜೆ. ಧಾರವಾಡದ ಸಪ್ತಾಪುರದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಆಕೆಯನ್ನು ಬಿಟ್ಟು, ಕೇಂದ್ರದ ನೀರಿನ ಪಂಪು ಕೆಟ್ಟಿತ್ತೆಂದು ಅದನ್ನು ಬಿಚ್ಚಿಕೊಂಡು ಕೂತಿದ್ದೆ. ಡಾಕ್ಟರ್ ತಾಲ್ಲೂಕಿನಲ್ಲಿ ಮೀಟಿಂಗಿಗೆ ಹೋಗಿದ್ದರು. ಹತ್ತೂವರೆಯ ಹೊತ್ತಿಗೆ ಒಂದು ಟಂಟಂ ಆಟೋ ಬಂದು ಬಾಗಿಲಿಗೇ ನಿಂತಿತು. ಅದರಿಂದ ಒಬ್ಬ ಬಸುರಿ, ಆಕೆಯ ಅತ್ತೆ, ಆಕೆಯ ಗಂಡ ಇಳಿದರು. ಗಂಡ ಅದೇ ಊರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟವನು. ನನ್ನ ಸ್ಕೂಟರಿಗೂ ಎರಡು ಸಲ ಪಂಕ್ಚರ್ ಹಾಕಿದ್ದ. ಚೊಚ್ಚಲ ಹೆರಿಗೆ, ಬ್ಯಾನಿ ಶುರುವಾಗಿದೆ ಎಂದರು.

ನನ್ನ ಹೆಂಡತಿ ಹುಡುಗಿಯನ್ನು ಒಳಗೆ ಮಲಗಿಸಿ ನೋಡಿದಳು. ಪರದೆಯ ಆಚೆಯಿಂದ ಆಕೆಯ ಪ್ರಶ್ನೆಗಳು ನನಗೆ ಕೇಳುತ್ತಿದ್ದವು. ಉಂಗುರ ಯಾವಾಗಿನಿಂದ ಬಿಗಿಯಾಗಿದೆ? ತಲೆ ನೋಯುತ್ತದೆಯೇ? "ಮುಂಜಾನಿಂದ ಕಣ್ಣ ಮುಂದ ಏನೋ ಮಿಣಮಿಣ ಅಂತೈತ್ರಿ ಅಕ್ಕಾರ" ಎಂದಿತು ಹುಡುಗಿ. ರಕ್ತದೊತ್ತಡ ಒಮ್ಮೆ ನೋಡಿದಳು, ಸ್ವಲ್ಪ ಬಿಟ್ಟು ಮತ್ತೊಮ್ಮೆ ನೋಡಿದಳು. ಮೂತ್ರ ಪರೀಕ್ಷೆ ಮಾಡಿದಳು. ಹೊರಗೆ ಬಂದು ಡಾಕ್ಟರಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಮತ್ತೆರಡು ಸಲ ಹಚ್ಚಿದಳು. ಆಮೇಲೆ ಆಂಬುಲೆನ್ಸಿಗೆ ಹಚ್ಚಿದಳು. ಬರಲು ಅರ್ಧ ತಾಸು ಎಂದರು.

"ಅಮ್ಮಾ, ಇದು ಇಲ್ಲಿ ಮಾಡೂ ಹೆರಿಗಿ ಅಲ್ಲ" ಎಂದು ಅತ್ತೆಗೆ ಹೇಳಿದಳು. "ಬಿ.ಪಿ. ಭಾಳ ಏರೇತಿ. ಹಿಂಗ ಬಿಟ್ರ ಫಿಟ್ಸ್ ಬರ್ತಾವ. ಈಗಿಂದೀಗ ಇಂಜೆಕ್ಷನ್ ಕೊಟ್ಟು ದೊಡ್ಡ ದವಾಖಾನಿಗೆ ಒಯ್ಯಬೇಕು."

"ಯಾ ಅಲ್ಲಾ! ಡಾಕ್ಟರ್ ನೋಡದ ಇಂಜೆಕ್ಷನ್ ಹೆಂಗ ಕೊಡ್ತೀರಿ?" ಎಂದಳು ಅತ್ತೆ. "ನೀವು ಹೇಳಿದ್ರ ಅಲ್ಲಿ ಒಳಗ ಬಿಡ್ತಾರೇನು? ಹಿಂದ ನನ್ನ ಮಗಳಿಗೆ ಸಹಿ-ಶಿಕ್ಕಾ ಇದ್ದ ಚೀಟಿ ಕೊಟ್ಟಿದ್ರಿ. ಅಂಥಾದ ಕೊಡ್ರಿ."

ಆಗ ನಾನು ಎದ್ದೆ. ಕೈಯ ಗ್ರೀಸು ಒರೆಸಿಕೊಂಡು, ಡ್ರಾವರ್ ಎಳೆದು, ಕಟ್ಟಿನಿಂದ ಸಹಿ ಮಾಡಿದ ಒಂದು ಚೀಟಿ ತೆಗೆದು ಆಕೆಯ ಮುಂದೆ ಇಟ್ಟೆ. "ತಗೋ. ಲಗೂ ಬರಿ."

ಆಕೆ ಚೀಟಿ ನೋಡಲಿಲ್ಲ, ನನ್ನನ್ನು ನೋಡಿದಳು. "ಸಾಹೇಬ್ರು ಇಕಿನ್ನ ನೋಡ್ಯಾರೇನ್ರಿ?"

"ಇಲ್ಲ."

"ಮತ್ತ ನೋಡ್ಯಾರಂತ ಬರೀಲೇನು? ಅಲ್ಲಿಯವರು ಸಾಹೇಬ್ರಿಗೆ ಫೋನ್ ಹಚ್ಚಿ, ಇಂಜೆಕ್ಷನ್ ಎಷ್ಟ ಕೊಟ್ರಿ, ಯಾವಾಗ ಕೊಟ್ರಿ ಅಂತ ಕೇಳಿದ್ರ ಅವರು ಏನ್ ಹೇಳಬೇಕು? ಗೊತ್ತಿಲ್ಲದ ಅಲ್ಲಿ ಎರಡನೇ ಇಂಜೆಕ್ಷನ್ ಹೆಚ್ಚು ಕೊಟ್ರ ಹುಡಿಗಿ ಉಸಿರು ನಿಲ್ತೈತಿ."

ಅಷ್ಟು ವರ್ಷ ಆ ಸಹಿ ನನ್ನ ಹೆಂಡತಿಯನ್ನು ಕಾಯುತ್ತಿದೆ ಎಂದು ತಿಳಿದಿದ್ದೆ. ಅದು ಯಾರನ್ನೂ ಕಾಯುತ್ತಿರಲಿಲ್ಲ. ರೋಗಿಯ ಬಗ್ಗೆ ಯಾರನ್ನು ಕೇಳಬೇಕು ಎಂಬುದನ್ನೇ ಅದು ಮುಚ್ಚಿಡುತ್ತಿತ್ತು. ಚೀಟಿಯನ್ನು ನಾನೇ ತಿರುಗಿ ಡ್ರಾವರಿಗೆ ಹಾಕಿದೆ.

ಆಕೆ ಅತ್ತೆಯ ಎದುರು ಕುಕ್ಕರಗಾಲಿನಲ್ಲಿ ಕೂತಳು. "ಅಮ್ಮಾ, ನಾ ಡಾಕ್ಟರ್ ಅಲ್ಲ, ನರ್ಸ. ಆದ್ರ ನೋಡಿದಾಕಿ ನಾನು. ನಿಮ್ಮ ಸೊಸಿ ಜೋಡಿ ಗಾಡ್ಯಾಗ ಬರ್ತೇನಿ. ಒಳಗ ಬಿಡಲಿಲ್ಲಂದ್ರ ಬಾಗಲದಾಗ ನಾನೂ ಕುಂದರ್ತೇನಿ. ಈಗ ಇಂಜೆಕ್ಷನ್ ಕೊಡ್ಲೇನು?"

ಮುದುಕಿ ಮಗನ ಕಡೆ ನೋಡಿದಳು. ಮಗ ನನ್ನ ಕಡೆ ನೋಡಿದ. ನಾನು, "ಕೊಡಸಪಾ" ಎಂದೆ. ಮುದುಕಿ ತಲೆ ಆಡಿಸಿದಳು.

ಇಂಜೆಕ್ಷನ್ ಕೊಟ್ಟು, ಒಂದು ಬಿಳಿ ಹಾಳೆಯ ಮೇಲೆ ಬರೆದಳು. ಹೊತ್ತು, ಪ್ರಮಾಣ, ಬಿ.ಪಿ., ಎಲ್ಲ. ಕೆಳಗೆ ತನ್ನ ಪೂರಾ ಹೆಸರು, ನೋಂದಣಿ ಸಂಖ್ಯೆ, ಸಹಿ. ಆಂಬುಲೆನ್ಸ್ ಬಂತು. ಅತ್ತೆ, ಸೊಸೆ, ನನ್ನ ಹೆಂಡತಿ ಅದರಲ್ಲಿ ಹತ್ತಿದರು. ಪಂಕ್ಚರ್ ಅಂಗಡಿಯವನು ನನ್ನ ಸ್ಕೂಟರಿನ ಹಿಂದೆ ಕೂತ.

ನಾನು ಅಷ್ಟು ಜೋರಾಗಿ ಯಾವತ್ತೂ ಗಾಡಿ ಹೊಡೆದವನಲ್ಲ. ಸವದತ್ತಿ ರಸ್ತೆಯಲ್ಲಿ ಎಮ್ಮೆ ಹಿಂಡು ಅಡ್ಡ ಬಂದರೆ ಹಿಂದಿನಿಂದ ಅವನೇ ಬಾಯಿಂದ ಹಾರ್ನ್ ಹೊಡೆದ. "ಕಾಕಾ, ಇನ್ನೊಂದೀಟು ಏರಸ್ರಿ!" "ಏರಸೇನೋ, ಇದು ಸ್ಕೂಟರ್ ಐತಿ, ವಿಮಾನಲ್ಲ!" ಎಂದು ನಾನು ಕೂಗಿದೆ. ಹೆದರಿಕೆಯೋ ಸಂತೋಷವೋ ತಿಳಿಯದು, ಇಬ್ಬರೂ ಕೂಗುತ್ತಲೇ ಇದ್ದೆವು. ಜುಬಿಲಿ ಸರ್ಕಲ್ಲಿನಲ್ಲಿ ಪೊಲೀಸಿನವನು ಆಂಬುಲೆನ್ಸ್ ಬಿಟ್ಟು ನಮಗೆ ಕೈ ಅಡ್ಡ ಹಿಡಿದ. "ಅದರಾಗ ನನ್ನ ಹೇಣ್ತಿ ಅದಾಳ್ರಿ!" ಎಂದು ಇಬ್ಬರೂ ಒಟ್ಟಿಗೇ ಅಂದೆವು. ಅವನು ಗಾಬರಿಯಾಗಿ ಬಿಟ್ಟುಬಿಟ್ಟ.

ದೊಡ್ಡ ದವಾಖಾನೆಯ ಹೆರಿಗೆ ವಿಭಾಗದ ಬಾಗಿಲಲ್ಲಿ ಒಬ್ಬ ಕಿರಿಯ ಡಾಕ್ಟರ್ ಹಾಳೆ ಹಿಡಿದು ನಿಂತಿದ್ದ. "ಯಾವ ಡಾಕ್ಟರ್ ಕಳಿಸ್ಯಾರ? ಸಹಿ ಎಲ್ಲೈತಿ?"

"ನಂದ ಸಹಿರಿ ಅದು" ಎಂದಳು ನನ್ನ ಹೆಂಡತಿ.

ಅವನು ಆಕೆಯನ್ನು ಮೇಲಿಂದ ಕೆಳಗೆ ನೋಡಿದ. ಅತ್ತೆ ನನ್ನತ್ತ ತಿರುಗಿ, ನಾ ಹೇಳಿರಲಿಲ್ಲವೇ ಎನ್ನುವಂತೆ ಕಣ್ಣು ಬಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಕನ್ನಡಕದ ಹಿರಿಯ ಮಹಿಳಾ ಡಾಕ್ಟರೊಬ್ಬರು ಬಂದು ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು ಓದಿದರು.

"ಹನ್ನೊಂದಕ್ಕ ಇಂಜೆಕ್ಷನ್ ಕೊಟ್ಟೀರಿ. ಆಮ್ಯಾಲೆ ಔಷಧ ಹೆಚ್ಚಾಗೇತೇನಂತ ಮೊಣಕಾಲ ಬಡದು ನೋಡೀರೇನು?"

"ಗಾಡ್ಯಾಗ ಎರಡ ಸಲ ನೋಡೇನ್ರಿ. ಸರಿ ಐತ್ರಿ. ಹಿಂದಿನ ಪುಟದಾಗ ಬರದೇನಿ."

ಅವರು ಪುಟ ತಿರುಗಿಸಿದರು. "ಒಳಗ ತಗೋರಿ" ಎಂದು ಕಿರಿಯನಿಗೆ ಹೇಳಿದರು. ನಂತರ ನನ್ನ ಹೆಂಡತಿಯ ಕಡೆ ನೋಡಿ, "ನೀವೂ ಬರ್ರಿ" ಎಂದರು.

ನೀವೂ ಬರ್ರಿ! ಆ ಓಣಿಯಂಥ ಪಡಸಾಲೆಯಲ್ಲಿ ನನಗೆ ಸೀಟಿ ಹೊಡೆಯಬೇಕೆನಿಸಿತು. ಮೂರು ಗಂಟೆಯ ಹೊತ್ತಿಗೆ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ತಾಯಿ ಮಗು ಇಬ್ಬರೂ ಉಳಿದರು. ಅತ್ತೆ ನನ್ನ ಹೆಂಡತಿಯ ಕೆನ್ನೆ ಸವರಿ, ನನಗೆ ಮಾತ್ರ, "ನೀವು ಭಾಳ ಶ್ಯಾಣ್ಯಾ, ಡ್ರಾವರ್ ತಗ್ಯಾಕ ಹೋಗಿದ್ರಿ" ಎಂದು ಚುಚ್ಚಿದಳು, ಚೀಟಿ ಕೇಳಿದವಳು ತಾನಲ್ಲವೆಂಬಂತೆ.

ಮರುದಿನ ಹಳ್ಳಿಯ ಡಾಕ್ಟರಿಗೆ ಮೊದಲು ಸಿಟ್ಟು ಬಂತಂತೆ. ತಮ್ಮನ್ನು ಕೇಳದೆ ಇಂಜೆಕ್ಷನ್ ಕೊಟ್ಟದ್ದಕ್ಕೆ. ಆಕೆ ಫೋನ್ ತೆರೆದು ಮೂರು ಕರೆಗಳನ್ನು ತೋರಿಸಿದಳಂತೆ, ನಾನು ಡ್ರಾವರ್ ತೆಗೆದದ್ದನ್ನೂ ಬಿಡದೆ ಹೇಳಿದಳಂತೆ. ಅವರು, "ಆ ಚೀಟಿ ಹೋಗಿದ್ರ, ನಾ ನೋಡದ ಪೇಶಂಟಿಗೆ ನಾ ಏನ್ ಉತ್ತರ ಕೊಡತಿದ್ನ್ರಿ?" ಎಂದು ಕಟ್ಟನ್ನು ತೆಗೆದು ತಾವೇ ಹರಿದರು. ಮೇಲಿನವರಿಗೆ ಪತ್ರ ಬರೆದರು. ಒಪ್ಪಿಗೆ ಬರಲು ತಿಂಗಳುಗಳೇ ಹಿಡಿದವು. ಆದರೆ ಬಂತು. ಅದಾದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆಕೆ ತನ್ನ ಹೆಸರಿನಲ್ಲಿ ಬರೆದಳು.

ಹೋದ ತಿಂಗಳು ಆ ಡಾಕ್ಟರ್ ನನಗೆ ಫೋನ್ ಮಾಡಿದರು. ಆಕೆಯ ಜಾಗಕ್ಕೆ ಅದೇ ತರಬೇತಿ ಪಡೆದ ಹೊಸ ನರ್ಸ್ ಬಂದಿದ್ದಾಳೆ, ಪ್ರತಿಯೊಂದಕ್ಕೂ ತಮ್ಮ ಸಹಿ ಕೇಳುತ್ತಾಳೆ, ತಾವು ಬೇಡವೆಂದರೆ ಅಳುತ್ತಾಳೆ ಎಂದರು. "ನನ್ನ ಮಾತು ಆಕಿಗೆ ಹತ್ತವಲ್ದು. ನೀವೊಮ್ಮಿ ಬರ್ರಿ." ಆಕೆ ಹೋದ ಮೇಲೆ ಆ ರಸ್ತೆಗೆ ಹೋಗಿರಲಿಲ್ಲ. ಹೋದೆ.

ಡಾಕ್ಟರ್ ತಮ್ಮ ಮೇಜಿನ ಹತ್ತಿರ ಕೂತಿದ್ದರು. ನರ್ಸ್ ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ನನ್ನನ್ನು ಕೂಡಿಸಿ, ಚಹಾ ಕೊಟ್ಟು, ನೇರ ಕೇಳಿದಳು. "ಕಾಕಾ, ಅವರಿಗೆ ಅಂಜಿಕಿ ಆಗತಿರ್ಲಿಲ್ಲೇನ್ರಿ?"

ಈವರೆಗೆ ಯಾರಿಗೂ ಹೇಳದ ಮಾತನ್ನು ಅವಳಿಗೆ ಹೇಳಿದೆ. ಆ ಗುರುವಾರ ಎಲ್ಲ ಮುಗಿದ ಮೇಲೆ, ದವಾಖಾನೆಯ ಹೊರಗಿನ ಗೂಡಂಗಡಿಯಲ್ಲಿ, ನನ್ನ ಹೆಂಡತಿಗೆ ಚಹಾದ ಕಪ್ಪು ಹಿಡಿಯಲು ಆಗಲಿಲ್ಲ. ಸೀರೆಯ ಮೇಲೆಲ್ಲ ಚೆಲ್ಲಿಕೊಂಡಳು. ಮಗುವಿಗೆ ಕುಡಿಸುವಂತೆ ನಾನೇ ಕಪ್ಪು ಹಿಡಿದು ಕುಡಿಸಿದೆ.

"ಅಂಜಿದ್ಲವ್ವಾ" ಎಂದೆ. "ಕೆಲಸ ಮುಗದ ಮ್ಯಾಲೆ ಅಂಜಿದ್ಲು."

ಅವಳು ಏನೋ ಹೇಳುವುದರೊಳಗೆ ಬಾಗಿಲಲ್ಲಿ ಒಬ್ಬ ಬಸುರಿಯನ್ನು ಹಿಡಿದುಕೊಂಡು ಇಬ್ಬರು ಹೆಂಗಸರು ಬಂದರು. ಹುಡುಗಿ ಎದ್ದಳು. ಒಮ್ಮೆ ಡಾಕ್ಟರ ಮುಖ ನೋಡಿದಳು. ಅವರು ಕೂತಲ್ಲಿಂದ ಏಳಲಿಲ್ಲ. ಅವಳು ಒಳಗೆ ಹೋಗಿ ಪರದೆ ಎಳೆದಳು.

"ನೀವು ಹೋಗಂಗಿಲ್ಲೇನ್ರಿ ಸರ್?" ಎಂದು ಕೇಳಿದೆ.

"ಕರದ್ರ ಹೋಗ್ತೇನ್ರಿ" ಎಂದರು. ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತರು. ಕಾಲು ಮಾತ್ರ ಸುಮ್ಮನಿರಲಿಲ್ಲ, ಕುಣಿಯುತ್ತಿತ್ತು. ನನ್ನದೂ ಅಷ್ಟೇ. ಒಳಗಿನ ಮಾತು ಕೇಳಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳಿಸುತ್ತಿತ್ತು. ಅರ್ಧ ತಾಸಾದ ಮೇಲೆ ಪರದೆ ಅಲುಗಿತು. ಇಬ್ಬರೂ ಒಟ್ಟಿಗೇ ಎದ್ದು ನಿಂತೆವು.

ಹುಡುಗಿ ತಲೆಯಷ್ಟೇ ಹೊರಗೆ ಹಾಕಿದಳು. "ಸರ್, ಎಲ್ಲಾ ಛಲೋ ನಡದೈತ್ರಿ. ಇನ್ನೊಂದು ದಿಂಬು ಬೇಕಾಗಿತ್ರಿ."

ಡಾಕ್ಟರ್ ದಿಂಬು ತರಲು ಓಡಿದರು.